ಸಾರಥಿಯ ಭಾನುವಾರ

ತಣ್ಣಗಿದೆ ಬಿಳಿ ಬಣ್ಣ, ಕೊಬ್ಬರಿ ಎಣ್ಣೆಯಲ್ಲಿ ಕಲಸಿದ್ದು, ಗೆಳತಿ ಲೋಹಿತಾಳ ಹೆಬ್ಬೆರಳು ಅದನ್ನು ನನ್ನ ಕೆನ್ನೆಯ ಮೇಲೆ ಎಳೆಯುತ್ತಿದೆ, ನಗ್ಬ್ಯಾಡ್ವೇ ರಕ್ಷಾ, ಗುಳಿ ಬಿದ್ದ ಕಡೆ ಬಣ್ಣ ಗಂಟು ಕಟ್ತದೆ ಅನ್ನುತ್ತಾಳೆ, ನಾನೆಲ್ಲಿ ನಗುತ್ತಿದ್ದೇನೆ, ಹಲ್ಲು ಕಡಿಯುತ್ತಿದ್ದೇನೆ, ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ — ಮೂಗಿನ ತುದಿಗೆ ಕೆಂಪು, ಹುಬ್ಬಿಗೆ ಕಾಡಿಗೆ, ತಲೆಗೆ ಮೂಲೆ ಮುರಿದ ಟೋಪಿ, ಆಯಿತು, ಸಾರಥಿ ಸಿದ್ಧ. ಹೊರಗೆ ಮುಖವೀಣೆ ಪೀ ಪೀ ಅಂತ ಶ್ರುತಿ ಹುಡುಕುತ್ತಿದೆ, ಸಿಕ್ಕಿದ್ದನ್ನು ಬಿಡುತ್ತದೆ, ಬಿಟ್ಟದ್ದನ್ನು ಹುಡುಕುತ್ತದೆ, ಕಿಟಕಿಯಾಚೆ ಸಿದ್ದರಬೆಟ್ಟ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದೆ, ಬೆಟ್ಟ ಹತ್ತಲು ಬಂದವರ ಬೈಕುಗಳು ನಮ್ಮ ನಾಟ್ಯಶಾಲೆಯ ಕಾಂಪೌಂಡಿನ ಪಕ್ಕವೇ ಗುರುಗುಟ್ಟಿಕೊಂಡು ಹೋಗುತ್ತವೆ, ಅವರಿಗೇನು ಗೊತ್ತು, ಇಲ್ಲಿ ಇವತ್ತು ಒಬ್ಬ ಮಹಾರಾಜನ ಮಾನ ಹೋಗಲಿಕ್ಕಿದೆ. ಹೋಗಲೇಬೇಕು. ಇವತ್ತು ತಿಂಗಳ ಕೊನೆಯ ಭಾನುವಾರ, ಅಪ್ಪ ಅಮ್ಮಂದಿರ ಮುಂದೆ ನಾವು ಆಟ ಆಡಿ ತೋರಿಸುವ ದಿನ, ಇವತ್ತು ನಾಗಭೂಷಣ್ ಮೇಷ್ಟ್ರ ತಲೆ ನನ್ನ ಅಮ್ಮನ ಕಣ್ಣೆದುರಿಗೆ ತಗ್ಗಬೇಕು, ಕಿರೀಟದ ಸಮೇತ ತಗ್ಗಬೇಕು, ಅದೊಂದೇ ನನಗೆ ಬೇಕಾಗಿರುವುದು, ಆಮೇಲೆ ಗಂಟು ಮೂಟೆ ಕಟ್ಟಿಸಿ ಶಾಲೆಯಿಂದ ಓಡಿಸಿದರೂ ಓಡಿಸಲಿ. ನಾಗಭೂಷಣ್ — ಭೂಷಣ ಎಲ್ಲಿದೆಯೋ ಕಾಣೆ, ನಾಗ ಮಾತ್ರ ದಿನಾ ಬುಸುಗುಡುತ್ತದೆ.

ಶನಿವಾರ ಬಂತೆಂದರೆ ನಮ್ಮ ಹಾಸ್ಟೆಲಿಗೆ ಬೇರೆಯದೇ ವಾಸನೆ, ಸೀಗೇಕಾಯಿ, ಒದ್ದೆ ಸೀರೆ, ಗೆಜ್ಜೆಯ ತೊಗಲು — ವಾರವೆಲ್ಲ ಕುಣಿದ ಕಾಲುಗಳನ್ನು ಬಕೆಟ್ಟಿನ ಉಪ್ಪುನೀರಿಗೆ ಇಳಿಸಿ ಸಾಲಾಗಿ ಕೂರುತ್ತೇವೆ, ಭರತನಾಟ್ಯದವರು ಒಂದು ಕಡೆ, ಮೂಡಲಪಾಯ ಯಕ್ಷಗಾನದ ನಾವು ಒಂದು ಕಡೆ, ವಾರ್ಡನ್ ಸರೋಜಮ್ಮ ಹಿಂದಿನಿಂದ ಹೇನು ಬಾಚುತ್ತಾ ಬರುತ್ತಾರೆ, ಲೇ ತಲೆ ಬಗ್ಸು, ಇದೇನ್ ತಲೇನಾ ಸಂತೇನಾ ಅನ್ನುತ್ತಾರೆ, ಅದನ್ನೇ ನಾನು ಅವರ ಗಂಟಲಲ್ಲಿ ಹೇಳಿದರೆ ಅವರೇ ತಿರುಗಿ ನೋಡುತ್ತಾರೆ ಯಾರು ಕರೆದದ್ದು ಅಂತ. ಭಾನುವಾರದ ತಿಂಡಿ ಉಪ್ಪಿಟ್ಟು, ಉಪ್ಪು ಇಟ್ಟು, ಇಟ್ಟದ್ದು ಮರೆತು, ಮತ್ತೆ ಇಟ್ಟದ್ದು, ಅದನ್ನು ಯಾರೂ ಪೂರ್ತಿ ತಿನ್ನುವುದಿಲ್ಲ, ಎಲ್ಲರ ಕಣ್ಣೂ ಗೇಟಿನ ಮೇಲೆ. ಶಿರಾದ ಗೌರೀಶನ ಮನೆಯವರು ಕಾರಿನಲ್ಲಿ ಬರುತ್ತಾರೆ, ಡಬ್ಬಿ ಮುಚ್ಚಳ ತೆಗೆಯುವ ಮೊದಲೇ ತುಪ್ಪ ಮೂಗಿಗೆ ಬಡಿಯುತ್ತದೆ, ಮಧುಗಿರಿಯ ಮಂಜುಶ್ರೀಯ ಅಜ್ಜಿ ನಿಪ್ಪಟ್ಟು ತಂದು ಎಲ್ಲರಿಗೂ ಹಂಚುತ್ತಾರೆ, ಯಾರ ಮನೆಯವರೂ ಬಾರದವರು ಬಂದವರಿಗೆ ನೀರು ಕೊಡುತ್ತಾ ಓಡಾಡಬೇಕು, ಅದು ಇಲ್ಲಿಯ ಪದ್ಧತಿ, ಸುಮ್ಮನೆ ಕೂತರೆ ಅಳುತ್ತಾರೆ ಅಂತ ಸರೋಜಮ್ಮ ಮಾಡಿಟ್ಟಿರುವ ಉಪಾಯ. ನಾನು ಎಷ್ಟೋ ಭಾನುವಾರ ನೀರು ಕೊಟ್ಟಿದ್ದೇನೆ. ಯಾರ ಮಗಳಮ್ಮ ನೀನು ಅಂತ ಕೇಳಿದರೆ ತಿರುಮಣಿಯವಳು ಅನ್ನುತ್ತೇನೆ, ಓ ಸೋಲಾರ್ ಪಾರ್ಕಾ ಅನ್ನುತ್ತಾರೆ, ಹೂಂ, ಅಲ್ಲೇ ನಮ್ಮಮ್ಮ ಸೋಲಾರ್ ಪ್ಲೇಟು ಒರೆಸುವುದು, ಸೂರ್ಯನ ಮುಖ ತೊಳೆದು ಕಳಿಸುವ ಕೆಲಸ ಅನ್ನುತ್ತೇನೆ, ನಗುತ್ತಾರೆ, ಯಾರನ್ನಾದರೂ ನಗಿಸುವುದು ನನಗೆ ನೀರು ಕುಡಿದಷ್ಟು ಸುಲಭ, ಅಮ್ಮನಿಗೆ ಭಾನುವಾರ ರಜೆ ಸಿಗುವುದು ಮಾತ್ರ ಕಷ್ಟ.

ಹೋದ ತಿಂಗಳು ಸಿಕ್ಕಿತ್ತು. ತಿರುಮಣಿಯಿಂದ ಪಾವಗಡ, ಪಾವಗಡದಿಂದ ಮಧುಗಿರಿ, ಮಧುಗಿರಿಯಿಂದ ಕೊರಟಗೆರೆ, ಆಮೇಲೆ ಆಟೋ, ಮಧ್ಯೆ ಬಸ್ಸು ಕೆಟ್ಟು ನಿಂತಿತಂತೆ. ಸಂಜೆಯ ಗಂಟೆ ಹೊಡೆದಾಗಿತ್ತು, ಎಲ್ಲರ ಮನೆಯವರೂ ಹೋಗಿಯಾಗಿತ್ತು, ನಾನು ಮಹಡಿಯ ಮೇಲೆ ಒಣಗಿದ ಸೀರೆ ಎಳೆದುಕೊಳ್ಳುತ್ತಿದ್ದೆ, ಕೆಳಗೆ ಗೇಟಿನ ಆಚೆ ಅಮ್ಮ, ಈಚೆ ಮೇಷ್ಟ್ರು, ಶಾಲನ್ನು ಎಡಭುಜಕ್ಕೆ ಒಗೆದು, ಗಲ್ಲ ಮೇಲೆತ್ತಿ, ಅಮ್ಮನನ್ನಲ್ಲ, ಅಮ್ಮನ ತಲೆಯ ಮೇಲಿನ ಆಕಾಶವನ್ನು ನೋಡುತ್ತಾ, ಹ್ಞ್ಂ, ಗಂಟೆ ಹೊಡೆದಾಯಿತು, ಶಿಸ್ತು ಅಂದರೆ ಶಿಸ್ತು ಕಣಮ್ಮ, ಆಯ್ತಾ, ಇವತ್ತು ನಿನಗೊಬ್ಬಳಿಗೆ ಗೇಟು ತೆಗೆದರೆ ನಾಳೆ ಊರಿಗೆ ಊರೇ ಬಂದು ನಿಲ್ಲುತ್ತದೆ, ಆಯ್ತಾ? ಅಮ್ಮ ಏನು ಮಾಡಿದಳು, ಚಪ್ಪಲಿ ಬಿಟ್ಟಳು. ಡಾಂಬರು ರಸ್ತೆಯ ಮೇಲೆ, ದೇವಸ್ಥಾನದ ಮುಂದೆ ಬಿಡುವ ಹಾಗೆ. ಹೆದರಿಕೆಯಾದರೆ ಅಮ್ಮನ ಕನ್ನಡ ಓಡಿಹೋಗುತ್ತದೆ, ತವರಿನ ತೆಲುಗು ಬಂದು ಅದರ ಜಾಗದಲ್ಲಿ ನಿಲ್ಲುತ್ತದೆ, ಸಾಮೀ ಬಸ್ಸು ಕೆಟ್ಟೋಯ್ತು ಸಾಮೀ, ನಾನೇನ್ ಮಾಡ್ಲಿ, ಒಗ ತೂರಿ ಸೂಸಿ ಪೋತಾ, ನಾ ಬಿಡ್ಡನಿ ಒಗ ತೂರಿ, ನನ್ ಮಗೀನ ಒಂದೇ ಒಂದ್ಸಲ ನೋಡ್ಬುಟ್ಟು ಹೊಂಟೋಯ್ತೀನಿ, ಒಳಕ್ಕೆ ಕಾಲಿಕ್ಕಾಕಿಲ್ಲ ಸಾಮೀ. ಅಮ್ಮಾ ಅಂತ ಕೂಗಿದೆ, ಅಷ್ಟರಲ್ಲಿ ಒಳಗೆ ಮದ್ದಲೆಯ ಅಭ್ಯಾಸ ಶುರುವಾಯಿತು, ಕೂಗು ಅದರೊಳಗೇ ಮುಳುಗಿತು, ಮೆಟ್ಟಿಲು ಇಳಿದೆನೋ ಬಿದ್ದೆನೋ, ಕೆಳಗಿನ ಕಬ್ಬಿಣದ ಬಾಗಿಲಿಗೆ ಬೀಗ, ಸರೋಜಮ್ಮ ಕೀಲಿ ತಂದು ತೆಗೆಯುವಷ್ಟರಲ್ಲಿ ರಸ್ತೆ ಖಾಲಿ, ಗೇಟಿನ ಸರಳಿಗೆ ಒಂದು ಕೈಚೀಲ ತೂಗುತ್ತಿತ್ತು, ಒಳಗೆ ಹುಚ್ಚೆಳ್ಳು ಚಟ್ನಿಪುಡಿ, ಕಡಲೆಕಾಯಿ ಉಂಡೆ. ಮೇಷ್ಟ್ರು ಕೈ ಒರೆಸಿಕೊಂಡು ಬಂದರು, ನಿಮ್ಮಮ್ಮ ಬಂದಿದ್ದಳು, ಮುಂದಿನ ಸಲ ಹೊತ್ತಿಗೆ ಸರಿಯಾಗಿ ಬಾ ಅಂತ ಹೇಳಿ ಕಳಿಸಿದ್ದೇನೆ, ಆಯ್ತಾ. ಆಯ್ತು ಮೇಷ್ಟ್ರೇ. ಆಯ್ತು ಅಂದೆ, ಆ ಕ್ಷಣವೇ ಮನಸ್ಸಿನಲ್ಲಿ ಆಗಲಿಲ್ಲ ಅಂತಲೂ ಅಂದೆ, ಉಂಡೆ ಕಚ್ಚಿದರೆ ಅದು ಮೇಷ್ಟ್ರ ಬೆರಳು ಅಂದುಕೊಂಡು ಕಚ್ಚಿದೆ. ರಾತ್ರಿ ಫೋನಿನಲ್ಲಿ ಅಮ್ಮ, ಬುಡು ಪಾಪ, ಮೇಷ್ಟ್ರು ಒಳ್ಳೇರು, ನಂದೇ ತಪ್ಪು, ಹೊತ್ತಾಗಿ ಬಂದ್ಬುಟ್ಟೆ ಅಂದಳು, ಅದಕ್ಕೆ ನನಗೆ ಇನ್ನೂ ಸಿಟ್ಟು, ಅಮ್ಮನ ಪಾಲಿನ ಸಿಟ್ಟನ್ನೂ ನಾನೇ ಪಡಬೇಕಾಯಿತಲ್ಲ ಅಂತ.

ಸಿಟ್ಟಿಗೆ ದಾರಿ ಮೇಷ್ಟ್ರೇ ಕಲಿಸಿಕೊಟ್ಟಿದ್ದಾರೆ, ಪಾಠ ಹೇಳಿದವರಿಗೇ ಪಾಠ. ಮೂಡಲಪಾಯದಲ್ಲಿ ಎಂಥ ರಾಜನೇ ಆಗಲಿ, ರಂಗಕ್ಕೆ ಬಂದ ಕೂಡಲೇ ಸಾರಥಿಯ ಕೈಗೆ ಸಿಕ್ಕಬೇಕು, ತಾವು ಯಾರು, ಯಾವ ಊರು, ಬಂದ ಕಾರಣವೇನು, ಸಾರಥಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ ಮೇಲೇ ಮುಂದಿನ ಹೆಜ್ಜೆ, ಸಾರಥಿ ಏನು ತಮಾಷೆ ಮಾಡಿದರೂ ರಾಜ ಮುನಿಯುವಂತಿಲ್ಲ, ವೇಷ ಬಿಟ್ಟು ಮಾತಾಡುವಂತಿಲ್ಲ, ಇದು ಕಟ್ಟು ಕಣ್ರೋ, ಮುರಿಯಬಾರದು ಅಂತ ಅವರೇ ಬೆತ್ತ ಕುಟ್ಟಿ ಹೇಳಿದ್ದು. ಪೋಷಕರ ಮುಂದೆ ಆಡುವ ಪ್ರಸಂಗವನ್ನು ಬರೆಯುವವರು ಅವರೇ, ಮಹಾರಾಜನ ವೇಷವೂ ಅವರದೇ. ಸಾರಥಿ ನಾನು. ಹಾಗಾಗಿ ವಾರವೆಲ್ಲ ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ಬಿಟ್ಟು ಅವರ ಗಂಟಲನ್ನು ತಿದ್ದಿದ್ದೇನೆ, ಆ ಹ್ಞ್ಂ ಮೂಗಿನಿಂದ ಹೊರಟು ಗಂಟಲಿಗೆ ಇಳಿಯಬೇಕು, ಶಾಲು ಒಗೆಯುವಾಗ ಮೊಣಕೈ ಕೋಳಿಯ ರೆಕ್ಕೆಯಾಗಬೇಕು, ಹೊರಗೆ ಕಾವಲು ನಿಂತ ಲೋಹಿತಾ, ಲೇ ಸಾಕು ನಿಲ್ಸೇ, ಮೇಷ್ಟ್ರೇ ಸ್ನಾನಕ್ಕೆ ಬಂದ್ಬುಟ್ಟವ್ರೆ ಅನ್ಕಂಡೆ ಅಂದಳು. ಅಮ್ಮನ ಮಾತನ್ನು ಮಾತ್ರ ಅಭ್ಯಾಸ ಮಾಡಿಲ್ಲ, ಅದಕ್ಕೇನು ಅಭ್ಯಾಸ.

ಅಮ್ಮ ಬಂದಿದ್ದಾಳೆ, ಬೆಳಗಿನ ಮೊದಲ ಬಸ್ಸು ಹಿಡಿದು, ಗೇಟು ತೆಗೆಯುವ ಮುಂಚೆಯೇ ಬಂದು ಹೊರಗಿನ ಕಲ್ಲಿನ ಮೇಲೆ ಕೂತಿದ್ದಳಂತೆ, ಒಳಗೆ ಬಂದವಳು ನನ್ನ ಗಲ್ಲ ಹಿಡಿದು ಸೊರಗಿದ್ದೀಯ ಅಂದಳು, ಮೇಷ್ಟ್ರನ್ನು ಕಂಡು ಎದ್ದು ನಿಂತು ಕೈ ಮುಗಿದಳು, ಅವರು ಹ್ಞ್ಂ ಅಂದರು, ನನ್ನ ಸಿಟ್ಟು ಕುದಿಯಿತು, ಕುದಿಯಲಿ, ಇನ್ನೇನು ಬಡಿಸುವ ಹೊತ್ತು — ಈಗ ಅಮ್ಮ ಜಮಖಾನದ ಮೇಲೆ, ಹೆಂಗಸರ ನಡುವೆ, ಹಸಿರು ಸೀರೆ, ಕಂಡಳು, ಗೌರೀಶನ ತಾಯಿಯ ಪಕ್ಕ, ತಾಗದ ಹಾಗೆ ಮೈ ಮುದುಡಿಕೊಂಡು ಕೂತಿದ್ದಾಳೆ. ಲೋಹಿತಾ, ಮಂಜುಶ್ರೀ ತೆರೆ ಹಿಡಿದರು, ಮದ್ದಲೆಗೆ ಪೆಟ್ಟು ಬಿತ್ತು, ತೆರೆ ಇಳಿಯಿತು, ಮರದ ಕಿರೀಟ, ಭುಜಕೀರ್ತಿ, ಎದೆಹಾರ, ಅಷ್ಟರ ಒಳಗೆ ಎಲ್ಲೋ ನಾಗಭೂಷಣ್ ಮೇಷ್ಟ್ರು. ಮಹಾರಾಜಾ ತಾವು ಯಾರು ಅಂದೆ, ಹೇಳಿದರು, ಯಾವ ಊರು ಅಂದೆ, ಅದನ್ನೂ ಹೇಳಿದರು, ಮಹಾರಾಜಾ, ತಮ್ಮ ಕೋಟೆ ಬಾಗಿಲಲ್ಲಿ ಒಬ್ಬ ಕಾವಲಿನವನಿದ್ದಾನೆ, ಅವನ ಪ್ರತಾಪ ಹೇಳಲೇ ಅಂದೆ, ಅದು ಪ್ರಸಂಗದಲ್ಲಿ ಇಲ್ಲದ್ದು, ಅವರ ಹುಬ್ಬು ಗಂಟಾಯಿತು, ಆದರೆ ಕಟ್ಟು ಮುರಿಯುವಂತಿಲ್ಲವಲ್ಲ, ಹೇಳುವಂಥವನಾಗು ಸಾರಥೀ ಅಂದರು. ಹೆಗಲ ಮೇಲಿನ ವಸ್ತ್ರವನ್ನು ಎಡಭುಜಕ್ಕೆ ಒಗೆದೆ. ಗಲ್ಲ ಎತ್ತಿದೆ. ಹ್ಞ್ಂ. ಮಕ್ಕಳ ಸಾಲು ಸಿಡಿಯಿತು, ಲೋಹಿತಾ ಮಡಿಸಿದ ತೆರೆಯೊಳಗೆ ಮುಖ ಹುದುಗಿಸಿಕೊಂಡಳು, ಶಿಸ್ತು ಅಂದರೆ ಶಿಸ್ತು ಕಣಮ್ಮ, ಆಯ್ತಾ, ಸರೋಜಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರು, ದೊಡ್ಡವರು ಮಾತ್ರ ಸುಮ್ಮನೆ ನೋಡುತ್ತಿದ್ದಾರೆ, ಅವರಿಗೆ ಮೇಷ್ಟ್ರ ವಾರದ ದಿನದ ಗಂಟಲು ಎಲ್ಲಿ ಗೊತ್ತು, ಅವರಿಗೂ ಹತ್ತಬೇಕಲ್ಲ ಈ ನಗು, ಕಾವಲಿನವನು ಯಾರನ್ನು ತಡೆದ ಅಂತ ತೋರಿಸಿದರೆ ತಾನೇ ಅವನು ಎಂಥವನು ಅಂತ ತಿಳಿಯುವುದು, ಗೇಟಿಗೆ ಆಚೆಯೂ ಒಬ್ಬರು ಬೇಕಲ್ಲ — ಮಗ್ಗುಲು ಬದಲಿಸಿ ಆಚೆ ನಿಂತೆ, ಬೆನ್ನು ತಾನಾಗಿ ಬಗ್ಗಿತು, ಕೈ ತಾನಾಗಿ ಸೆರಗಿನ ತುದಿ ಹುಡುಕಿತು, ಇಲ್ಲದ ಚಪ್ಪಲಿಯನ್ನು ಒಂದೊಂದಾಗಿ ಬಿಟ್ಟೆ, ಸಾಮೀ.

ಒಂದೇ ಮಾತಿಗೆ ಇಡೀ ಹಜಾರ ಎದ್ದು ಕೂತಿತು. ಸಾಮೀ ಬಸ್ಸು ಕೆಟ್ಟೋಯ್ತು ಸಾಮೀ, ಒಗ ತೂರಿ ಸೂಸಿ ಪೋತಾ — ಹೋ ಅಂತ ನಗು, ಇದು ಪಾವಗಡದ್ದು ಕಣ್ಲಾ, ಅಂಗೇ ಐತಲ್ಲಾ ಅಂತ ಯಾರೋ ಗಂಡಸು, ಗೌರೀಶನ ಅಪ್ಪ ತೊಡೆ ತಟ್ಟಿಕೊಂಡು, ಇನ್ನೊಂದ್ಸಲ, ಇನ್ನೊಂದ್ಸಲ ಅನ್ನುತ್ತಿದ್ದಾರೆ, ನಗು ನಾಲಿಗೆಗೆ ತಾಗಿದರೆ ನಾಲಿಗೆ ನನ್ನ ಮಾತು ಕೇಳುವುದಿಲ್ಲ, ಇನ್ನಷ್ಟು ಬಗ್ಗಿದೆ, ನಾ ಬಿಡ್ಡನಿ ಒಗ ತೂರಿ, ಗಂಟಲು ಒಡೆಯುವ ಆ ಜಾಗವನ್ನೂ ಬಿಡಲಿಲ್ಲ, ಒಳಕ್ಕೆ ಕಾಲಿಕ್ಕಾಕಿಲ್ಲ ಸಾಮೀ, ಮಂಜುಶ್ರೀಯ ಅಜ್ಜಿ ಕಣ್ಣೊರೆಸಿಕೊಂಡು ನಗುತ್ತಿದ್ದಾರೆ, ಭಾಗವತರು ತಾಳ ಬಿಟ್ಟು ನಗುತ್ತಿದ್ದಾರೆ, ಇಲ್ಲ ಇಲ್ಲ, ಈ ಕಡೆ ಅಲ್ಲ, ಆ ಕಡೆ ನೋಡಿ ನಗ್ರಪ್ಪಾ, ಕಾವಲಿನವನನ್ನು ನೋಡಿ ನಗಿ, ಮತ್ತೆ ಹಾರಿ ಈಚೆ ಬಂದು ಶಾಲು ಒಗೆದು ಹ್ಞ್ಂ ಅಂದೆ, ನಗು ಇಳಿಯಿತು, ಆ ಹೆಂಗ್ಸಿನ್ದು ಮಾಡಮ್ಮಾ, ಆ ಹೆಂಗ್ಸಿನ್ದೇ ಚೆಂದ ಅಂತ ಹಿಂದಿನಿಂದ ಕೂಗು. ಮೇಷ್ಟ್ರ ಕಡೆ ತಿರುಗಿದೆ. ಅವರು ನಗುತ್ತಿರಲಿಲ್ಲ. ಅವರಿಗೆ ಗುರುತು ಸಿಕ್ಕಿತ್ತು, ಗೇಟು, ಸಂಜೆ, ಚಪ್ಪಲಿ, ಎಲ್ಲವೂ, ತಲೆ ತಗ್ಗಿತ್ತು, ನಾನು ಅಂದುಕೊಂಡ ಹಾಗೆಯೇ ಕಿರೀಟದ ಸಮೇತ, ರಾಜನ ಗಂಟಲಿನಲ್ಲಲ್ಲ, ಬರಿಯ ಗಂಟಲಿನಲ್ಲಿ, ಸಾಕು ಬಿಡು ಮಗಾ, ನಿಮ್ಮಮ್ಮ ಅಲ್ಲಿ ಕೂತಿದ್ದಾಳೆ ಅಂದರು, ನನಗೊಬ್ಬಳಿಗೇ ಕೇಳುವಷ್ಟು, ಆ ತಗ್ಗಿದ ತಲೆಯನ್ನು ಬೇರೆ ಯಾರೂ ನೋಡಲಿಲ್ಲ, ಎಲ್ಲರೂ ನನ್ನನ್ನು ನೋಡುತ್ತಿದ್ದರು, ನನ್ನನ್ನಲ್ಲ, ನನ್ನ ಮೈಮೇಲೆ ಬಂದಿದ್ದ ಆ ಹೆಂಗಸನ್ನು.

ಅಮ್ಮನ ಕಡೆ ನೋಡಬಾರದು ಅಂದುಕೊಂಡೇ ನೋಡಿದೆ. ಗೌರೀಶನ ತಾಯಿಯ ತೋಳು ಹಿಡಿದುಕೊಂಡಿದ್ದಾಳೆ, ಇಷ್ಟು ಹೊತ್ತು ತಾಗದ ಹಾಗೆ ಕೂತವಳು, ತೋಳು ಅಲುಗಿಸಿ ಅಲುಗಿಸಿ, ಅದು ನಾನೇ ಕಣಮ್ಮ, ನನ್ನೇ ಮಾಡ್ತಾವ್ಳೆ ನಮ್ಮ ಪಾಪ, ನಾನೇ ಅದು ಅನ್ನುತ್ತಿದ್ದಾಳೆ, ಹೆಂಗಸರೆಲ್ಲ ತಿರುಗಿ ಅವಳನ್ನು ನೋಡಿದರು, ನೋಡಿ ಇನ್ನೂ ನಕ್ಕರು, ಅವಳು ಅವರೆಲ್ಲರಿಗಿಂತ ಜೋರಾಗಿ, ಬಾಯಿ ಪೂರ್ತಿ ತೆರೆದು, ಹಿಂದಿನ ಹಲ್ಲು ಬಿದ್ದ ಜಾಗ ಕಾಣುವ ಹಾಗೆ, ಮನೆಯಲ್ಲಿ ಯಾವತ್ತೂ ನಕ್ಕಿಲ್ಲ ಹೀಗೆ, ಯಾವತ್ತೂ ಇಲ್ಲ — ಭಾಗವತರು ಮತ್ತೆ ತಾಳ ಎತ್ತಿಕೊಂಡರು, ಮುಂದಿನ ಮಾತು ನನ್ನದು, ಬಂದ ಕಾರಣವೇನು ಮಹಾರಾಜಾ ಅನ್ನಬೇಕು, ಬಂದ ಕಾರಣವೇನು, ಮೇಷ್ಟ್ರು ಕಾಯುತ್ತಿದ್ದಾರೆ, ಕಣ್ಣಲ್ಲೇ ಹೇಳು ಹೇಳು ಅನ್ನುತ್ತಿದ್ದಾರೆ, ಎಷ್ಟೊಂದು ಗಂಟಲುಗಳಿವೆ ನನ್ನಲ್ಲಿ, ಸರೋಜಮ್ಮನದು, ಮೇಷ್ಟ್ರದು, ಮುಖವೀಣೆಯದು, ನನ್ನದು ಯಾವುದು, ಬಂದ ಕಾರಣ — ಅಮ್ಮ ನಗುತ್ತಿದ್ದಾಳೆ, ಉಳಿದವರ ನಗು ಇಳಿದಿದೆ, ಅವಳದು ಇಳಿದಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿ ಮತ್ತೆ, ಬಂದ — ಆ ತೆರೆದ ಬಾಯಿ, ಆ ಹಲ್ಲಿಲ್ಲದ ಜಾಗ, ಅಮ್ಮ ನಗುತ್ತಿದ್ದಾಳೆ, ತಾಳ ಬೀಳುತ್ತಿದೆ, ಬೀಳುತ್ತಿದೆ, ಅಮ್ಮ ನಗುತ್ತಿದ್ದಾಳೆ, ಅಮ್ಮ ಒಬ್ಬಳೇ.