ಕೌದಿಯೊಳಗಿನ ನೀಲಿ ಸೀರೆ

ಕೆನ್ನೆಯ ಮೇಲೆ ಹೊಲಿಗೆಯ ಗುರುತು ಬಿದ್ದಿದೆ, ಇಷ್ಟು ಹೊತ್ತು ಕೌದಿಗೆ ಮುಖ ಒತ್ತಿ ಮಲಗಿದ್ದಳಲ್ಲ ಜಡೆಮ್ಮ, ಈಗಷ್ಟೇ ಗೋಡೆಯ ಕಡೆ ಹೊರಳಿದಳು, ಮೇಲಾದ ಕೆನ್ನೆಯಲ್ಲಿ ಕೆಂಪಗೆ ಸಣ್ಣ ಸಣ್ಣ ಚುಕ್ಕಿ — ಹೊಲಿಗೆಯದೇ, ಮತ್ತೇನಲ್ಲ, ನಾಲ್ಕು ವರ್ಷದ ಎಳೆಯ ಚರ್ಮ, ಏನು ಒತ್ತಿದರೂ ಮೂಡುತ್ತದೆ, ಒಲೆಯ ಮೇಲಿನ ನೀರು ಕಾಯುವಷ್ಟರಲ್ಲಿ ಅಳಿಸಿಹೋಗುತ್ತದೆ, ಕಿಟಕಿ ಬೇರೆ ಮುಚ್ಚಿದೆ, ಐವತ್ತೈದು ದಾಟಿದ ಕಣ್ಣು, ಈ ಮಬ್ಬಿನಲ್ಲಿ ಕಂಡದ್ದನ್ನೆಲ್ಲ ನಂಬಬಾರದು ಎಂದುಕೊಳ್ಳುತ್ತಾಳೆ ದೊಡ್ಡಬಸಮ್ಮ, ಮೊಮ್ಮಗಳ ಪಕ್ಕದಲ್ಲಿ ಕುಳಿತು, ಯಾರದೋ ಮನೆಯ ಕೌದಿಯನ್ನು ಮಡಿಲಲ್ಲಿ ಹರವಿಕೊಂಡು, ಸೂಜಿ ಒಳಗೆ, ಸೂಜಿ ಹೊರಗೆ, ಬೆರಳಿಗೆ ದಾರಿ ಗೊತ್ತು, ಕಣ್ಣು ಮಾತ್ರ ಆ ಕೆನ್ನೆಯನ್ನು ಬಿಡುವುದಿಲ್ಲ. ಮೂರು ದಿನದ ಜ್ವರ. ನೆಗಡಿ ಜ್ವರಕ್ಕ ಯಾಕಷ್ಟು ಮಾರಿ ಸಣ್ಣದು ಮಾಡ್ಕೊಂತಿ ಅಕ್ಕಾ, ಶುಂಠಿ ಕಷಾಯ ಕುಡಸು, ನಾಳಿಗೆ ಓಣ್ಯಾಗ ಕುಣೀತಾಳ, ಎಂದು ಪಕ್ಕದ ಮನೆಯ ಬಾನುಬೀ ನಕ್ಕಿದ್ದಳು, ತಾನೂ ನಕ್ಕಿದ್ದಳು, ನಗದೆ ಏನು ಮಾಡುವುದು, ಬಳ್ಳಾರಿಯಲ್ಲಿ ಹಂಪಮ್ಮನಿಗೂ ಮೊದಲು ಬಂದದ್ದು ನೆಗಡಿ ಜ್ವರವೇ ಎಂದು ಯಾರ ಮುಂದೆ ಹೇಳುವುದು.

ಹಂಪಮ್ಮ ಅಕ್ಕ, ಒಡಹುಟ್ಟಿದವಳು, ಹಾಸಿಗೆಯ ತುಂಬ ಬೇವಿನ ಸೊಪ್ಪು, ಸಿಡುಬು ಎಂಬ ಮಾತನ್ನು ಮನಸ್ಸಿನಲ್ಲೂ ಆಡಬಾರದು, ಅಮ್ಮ ಬಂದಿದ್ದಾಳೆ ಎನ್ನಬೇಕು, ಅಮ್ಮ ಬಂದಳು, ಅಕ್ಕನನ್ನು ಕರೆದುಕೊಂಡೇ ಹೋದಳು. ಅಕಿ ಉಟ್ಟಿದ್ದು ಹೊದ್ದಿದ್ದು ಎಲ್ಲಾ ಸುಡಬೇಕು, ಯಾರೂ ಮುಟ್ಟಬ್ಯಾಡ್ರಿ, ಎಂದು ಭಾವ ತಿಪ್ಪೇರುದ್ರಪ್ಪ ಗಂಟು ಕಟ್ಟಿ ಅಂಗಳದ ಮೂಲೆಗಿಟ್ಟು ಬೆಂಕಿ ತರಲು ಒಳಗೆ ಹೋದ, ಅಷ್ಟೇ ಹೊತ್ತು ಸಾಕಾಯಿತು, ಗಂಟಿನಿಂದ ನೀಲಿ ಸೀರೆಯ ಸೆರಗು ಇಣುಕುತ್ತಿತ್ತು, ಅಕ್ಕ ಅದನ್ನುಟ್ಟು ಈ ತಂಗಿಯ ಮದುವೆಯಲ್ಲಿ ಓಡಾಡಿದ್ದಳು, ಉಟ್ಟು ಉಟ್ಟು ಬೆಣ್ಣೆಯ ಹಾಗಾಗಿತ್ತು, ಹಿರಿಯರ ಸೀರೆ ಇಲ್ಲದ ಕೌದಿ ಮಕ್ಕಳಿಗೆ ಬೆಚ್ಚಗಾಗುವುದಿಲ್ಲ ಎಂದು ತಾಯಿ ಹೇಳುತ್ತಿದ್ದಳಲ್ಲ, ಇಷ್ಟು ಮೆತ್ತನೆಯದನ್ನು ಬೂದಿ ಮಾಡುವುದೇ, ಕೈ ತಾನಾಗಿ ಹೋಯಿತು, ಸೀರೆ ಕಂಕುಳಿಗೆ ಬಂತು. ಕುರುಗೋಡಿಗೆ ಬರುವ ಬಸ್ಸಿನಲ್ಲಿ ಅದು ಮೈಗೆ ಬಿಸಿಯಾಗಿ ಹತ್ತಿಕೊಂಡೇ ಇತ್ತು. ಒಗೆದಿದ್ದಳು, ಒಗೆಯದೇ ಇಲ್ಲ, ಮೂರು ಸಲ ಸೀಗೆಕಾಯಿ ಹಾಕಿ, ಮೂರು ದಿನ ಬಿಸಿಲಿಗೆ ಹಾಕಿ, ಆದರೆ ಕುದಿಸಲಿಲ್ಲ — ಕುದಿಸಿದರೆ ನೀಲಿ ಬಣ್ಣ ಬಿಟ್ಟು ಉಳಿದ ತುಂಡುಗಳಿಗೆ ಹತ್ತೀತು ಎಂದು, ಹುಚ್ಚಿ, ಒಳಪದರಕ್ಕೆ ಹಾಕುವ ಬಟ್ಟೆಯ ಬಣ್ಣ ಯಾರಿಗೆ ಕಾಣುತ್ತಿತ್ತು. ಹದಿನೈದು ದಿನವಾಯಿತು ಕೌದಿ ಮುಗಿದು, ಹದಿನೈದು ದಿನದಿಂದ ಮಗು ಅದರ ಮೇಲೆಯೇ ಮಲಗುತ್ತದೆ. ಅಮ್ಮ ಬಾರದಿರಲೆಂದು ಸರ್ಕಾರದವರು ಮಕ್ಕಳ ತೋಳಿಗೆ ದೇವಿ ಹಾಕಲು ಬಂದಾಗ, ಅತ್ತೀತು ಪಾಪ ಎಂದು ಜೋಳದ ಚೀಲಗಳ ಹಿಂದೆ ಇವಳನ್ನು ಬಚ್ಚಿಟ್ಟವಳೂ ತಾನೇ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ, ಮಾಡಿದವಳು ತಾನು, ಉಣ್ಣುವವಳು ಈ ಕೂಸೇಕೆ ಆಗಬೇಕು.

ಹೊಸ್ತಿಲಾಚೆ ಟಪಾಲಿ ಮಲಗಿದೆ, ಅಂಚೆಯವನನ್ನು ಕಂಡರೆ ಸಾಕು ಓಣಿ ಕಿತ್ತುಹೋಗುವಂತೆ ಬೊಗಳುತ್ತದೆಂದು ಅದಕ್ಕೆ ಆ ಹೆಸರು, ಈಗ ಬೊಗಳುವುದಿಲ್ಲ, ಮೂತಿಯನ್ನು ಮುಂಗಾಲ ಮೇಲಿಟ್ಟು ಸಣ್ಣಗೆ ಕುಂಯ್ ಎನ್ನುತ್ತದೆ, ಕೌದಿ ಉಪವಾಸ ಇರಬಾರದೆಂದು ಕೊನೆಯ ಹೊಲಿಗೆಗೆ ಮುಂಚೆ ಒಳಗೊಂದು ಹೋಳಿಗೆಯ ಚೂರು ಇಡುವುದು ರೂಢಿ, ಆ ವಾಸನೆಗೆ ಹೊಸ ಕೌದಿಯೆಂದರೆ ಮೊದಲು ಉರುಳಾಡಿ ಏಟು ತಿನ್ನುವ ನಾಯಿ, ಇದನ್ನು ಮಾತ್ರ ದೂರದಿಂದ ಮೂಸಿ ಹಿಂದೆ ಸರಿಯಿತು, ನಿನಗೂ ಹೋಳಿಗಿ ಸಾಕಾತೇನಲೇ ಎಂದು ಚೇಷ್ಟೆ ಮಾಡಿದ್ದಳು ಅವತ್ತು. ನಾಯಿಗೇನು ತಿಳಿಯುತ್ತದೆ. ಚುಕ್ಕಿ ಇನ್ನೂ ಹೋಗಿಲ್ಲ, ನೀರು ಕಾದು ಸದ್ದು ಮಾಡುತ್ತಿದೆ, ಹೋಗುತ್ತದೆ, ಈಗ ಹೋಗುತ್ತದೆ, ಹೋದ ಮೇಲೆ ಆ ಕೌದಿಯನ್ನು ಒಲೆಗೆ ಹಾಕಿಬಿಡುತ್ತೇನೆ ತಾಯೀ, ಯಾರಿಗೂ ಹೇಳುವುದೇ ಬೇಡ.

ಅಡುಗೆಮನೆಯಿಂದ ಎಲ್ಲಮ್ಮ ಬಂದಳು, ಸಿರುಗುಪ್ಪದಿಂದ ಹೆರಿಗೆಗೆಂದು ಬಂದ ಮಗಳು, ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು ಬಗ್ಗಿ ಜಡೆಮ್ಮನ ಹಣೆ ಮುಟ್ಟಿದಳು, ಅವ್ವಾ, ಜ್ವರ ಇಳದೈತಿ, ಮೈ ತಣ್ಣಗ ಐತಿ ನೋಡು, ಎಂದಳು, ಮುಖವೆಲ್ಲ ನಗು. ಹಂಪಮ್ಮನ ಜ್ವರವೂ ಇಳಿದಿತ್ತು, ಎದ್ದು ಕುಳಿತು ಅಂಬಲಿ ಬೇಡಿದ್ದಳು, ಸಂಜೆಗೆ ಮೈಯೆಲ್ಲ ಎದ್ದಿತು. ಬೆನ್ನು ಸೆಳಿತೈತವ್ವಾ, ಒಂದೀಟು ಇಲ್ಲೇ ಅಡ್ಡ ಆಗ್ತೀನಿ, ಎನ್ನುತ್ತಾಳೆ ಎಲ್ಲಮ್ಮ. ಬ್ಯಾಡ. ಯಾಕ? ಈಗ ಹೇಳಬೇಕು, ಹೇಳು ದೊಡ್ಡಬಸಮ್ಮಾ, ಬಸುರಿ ಹೆಂಗಸು, ಹೊಟ್ಟೆಯಲ್ಲಿ ಇನ್ನೊಂದು ಜೀವ, ಹೇಳು — ಆ ಕೌದಿ ತುಂಬ ನಾಯಿಕೂದ್ಲ ಐತಿ, ಬ್ಯಾಡ, ಎಂದಿತು ಬಾಯಿ. ಟಪಾಲಿ ಇದನ್ನ ಮುಟ್ಟೇ ಇಲ್ಲಲ್ಲವ್ವಾ, ಎಂದು ನಕ್ಕು ಎಲ್ಲಮ್ಮ ಮಗಳ ಪಕ್ಕ ಒರಗಿದಳು, ಕೌದಿಯ ಅಂಚನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು, ಸೆಕಿ ಆಗೇತಿ ಎಂದು ಕೈ ಚಾಚಿ ಕಿಟಕಿ ನೂಕಿದಳು. ಬಿಸಿಲು ಒಮ್ಮೆಲೇ ಒಳಗೆ ಬಿತ್ತು, ಜಡೆಮ್ಮನ ಕೆನ್ನೆಯ ಮೇಲೆ ಬಿತ್ತು, ಚುಕ್ಕಿ ಅಲ್ಲೇ ಇವೆ, ಒಂದು, ಎರಡು, ಕಣ್ಣಿನ ಕೆಳಗೆ ಒಂದು, ತುಟಿಯ ಪಕ್ಕ ಮೂರು, ಕೆಂಪಗೆ. ನಲವತ್ತು ವರ್ಷ ಕೌದಿ ಹೊಲಿದಿದ್ದಾಳೆ ದೊಡ್ಡಬಸಮ್ಮ, ಅವಳ ಹೊಲಿಗೆ ಒಂದು ದಿನವೂ ಸಾಲು ತಪ್ಪಿಲ್ಲ. ಇವು ಸಾಲಿನಲ್ಲಿಲ್ಲ.