ಕೆಸರು ಹೊಂಡದ ಫಲಕ

ಪಾಠದ ಆಟದಲ್ಲಿ ಕಂಪನಿಯ ಚೀಟಿ ಹೋಗಿ ಹೋಗಿ ನಿಜಾರನ ಕೈಗೇ ಬರಬೇಕೆ? ವಸೀಲಾ ಮೇಡಂ ಅದನ್ನು ಮತ್ತೊಮ್ಮೆ ಓದಿ ನೋಡಿದಳು. ಇಡೀ ತರಗತಿಯಲ್ಲಿ ಆ ಚೀಟಿ ಯಾರು ಎತ್ತಿದ್ದರೂ ನಡೆಯುತ್ತಿತ್ತು, ಅವನೊಬ್ಬನನ್ನು ಬಿಟ್ಟು.

ನಿಜಾರನ ತಮ್ಮ ಇಲ್ಯಾಸ್ ಸತ್ತು ನಲವತ್ತನೆಯ ದಿನದ ಕುರಾನ್ ಓದು ಕೂಡ ಆಗಿರಲಿಲ್ಲ. ಫಾಸ್ಫೇಟ್ ತೊಳೆದು ಉಳಿದ ಕೆಸರನ್ನು ಗಣಿ ಕಂಪನಿ ಶಾಲೆಯ ಹಿಂದಿನ ತಗ್ಗಿಗೆ ಬಿಡುತ್ತದೆ. ಬಿಸಿಲಿಗೆ ಅದು ಕೆನೆಗಟ್ಟಿ ಗಟ್ಟಿ ನೆಲದ ಹಾಗೆ ಕಾಣುತ್ತದೆ, ಒಳಗೆಲ್ಲ ಅಂಬಲಿ. ಹುಡುಗ ಚೆಂಡಿನ ಹಿಂದೆ ಓಡಿ ಅದರ ಮೇಲೆ ಕಾಲಿಟ್ಟ. ಜೊತೆಗಿದ್ದವನು ಅಣ್ಣ ಒಬ್ಬನೇ. ಹೊಂಡಕ್ಕೆ ಬೇಲಿ ಇರಲಿಲ್ಲ, 'ಅಪಾಯ' ಎಂಬ ಫಲಕವೂ ಇರಲಿಲ್ಲ. ಇದು ಊರಿನ ಕೂಸುಕುನ್ನಿಗೂ ಗೊತ್ತು. ಮರುದಿನ ಬೆಳಗಾಗುವುದರೊಳಗೆ ಅಲ್ಲೊಂದು ಫಲಕ ಎದ್ದು ನಿಂತಿತ್ತು, ಬಣ್ಣದ ವಾಸನೆ ಕೂಡ ಆರಿರಲಿಲ್ಲ. ಗುರುವಾರ ತನಿಖಾ ನ್ಯಾಯಾಧೀಶರು ನಿಜಾರನನ್ನು ಕೇಳುವುದು ಅದೊಂದನ್ನೇ: ಆ ದಿನ ಫಲಕ ಇತ್ತೋ, ಇರಲಿಲ್ಲವೋ?

ಅವನ ತಾಯಿ ಮಬ್ರೂಕಾ ವಸೀಲಾಳ ಮನೆಗೆ ಬಂದು ಹೊಸ್ತಿಲಲ್ಲೇ ಕೂತುಬಿಟ್ಟಿದ್ದಳು. "ನೀನೇ ಒಂದು ಮಾತು ಹೇಳಮ್ಮ. ಅವನು ನನ್ನ ಮುಖ ನೋಡ್ತಿಲ್ಲ. ಅವನ ದೊಡ್ಡಪ್ಪಂದಿರು ಏನೋ ಕಿವಿ ಊದಿದ್ದಾರೆ. ಇದ್ದದ್ದು ಇದ್ದ ಹಾಗೆ ಹೇಳಲಿ, ಅಷ್ಟು ಸಾಕು ನನಗೆ."

ನೇರವಾಗಿ ಹೇಳುವ ಹಾಗಿರಲಿಲ್ಲ. "ಪಾಠ ಮಾಡಿ ತಾಯಿ, ಪಂಚಾಯ್ತಿ ಬೇಡ" ಎಂದು ಹೆಡ್‌ಮಾಸ್ಟರು ಮೊದಲೇ ಬಾಯಿಗೆ ಬೀಗ ಜಡಿದಿದ್ದರು. ಅದಕ್ಕೇ ವಸೀಲಾ ಈ ಆಟ ಕಟ್ಟಿದ್ದು. ಇಲ್ಲದ ದೇಶವೊಂದರ ಇಲ್ಲದ ಗಣಿ. ಒಬ್ಬ ಕಂಪನಿ, ಒಬ್ಬ ಡಾಕ್ಟರು, ಕೆಲವರು ಖರ್ಜೂರದ ತೋಟದವರು, ಕೆಲವರು ಕೆಲಸ ಸಿಗದವರು, ಉಳಿದವರು ಊರಿನವರು. ಗಣಿ ನೆಲಕ್ಕೆ ನೀರಿಗೆ ಏನು ಮಾಡುತ್ತದೆ ಎಂದು ಮಕ್ಕಳು ತಾವೇ ವಾದಿಸಿ ಕಲಿಯಲಿ ಎಂದು ಹೆಡ್‌ಮಾಸ್ಟರಿಗೆ ಹೇಳಿದ್ದಳು. ಒಳಗಿನ ಆಸೆ ಬೇರೆಯಿತ್ತು. ನಿಜಾರ್ ಊರಿನವರ ಸಾಲಲ್ಲಿ ಕೂತರೆ, ಎಲ್ಲರ ಮಾತಿನ ಬಿಸಿಗೆ ಅವನ ನಾಲಗೆಯೂ ಕರಗೀತು ಎಂದುಕೊಂಡಿದ್ದಳು. ತಾನೊಂದು ಬಗೆದರೆ ದೈವವೊಂದು ಬಗೆಯಿತು.

"ಇನ್ನೊಂದ್ಸಲ ಎತ್ತೋಣ ಕಣ್ರೋ, ಚೀಟಿ ಸರಿಯಾಗಿ ಕಲಸಿರಲಿಲ್ಲ" ಎಂದಳು.

"ಚೀಟಿ ಅಂದ್ರೆ ಚೀಟಿ ಮೇಡಂ" ಅಂದ ನಿಜಾರ್. "ಬಂದಿದ್ದು ಬಂತು."

ಹೋಗಿ ಮೇಡಂ ಕುರ್ಚಿಯಲ್ಲೇ ಕೂತ. ಕೂತ ಗತ್ತೇ ಬೇರೆ.

ಮೊದಲು ಎದ್ದವನು ತರಗತಿಯ ಕೋಡಂಗಿ ಹಮ್ದಿ. ಕೆಲಸ ಸಿಗದವರ ಪರವಾಗಿ ಎರಡು ಬೆಂಚುಗಳ ನಡುವೆ ಚಕ್ಕಂಬಕ್ಕಳ ಹಾಕಿ ಕೂತ. "ಇದು ರೈಲು ಹಳಿ. ಕೆಲಸ ಕೊಡೋವರೆಗೂ ನಿನ್ನ ಫಾಸ್ಫೇಟ್ ಇಲ್ಲಿಂದ ಅಲ್ಲಾಡಲ್ಲ."

"ಗಿಡ ನೆಡೋ ಕಂಪನೀಲಿ ಕೆಲಸ ಕೊಡ್ತೀನಿ, ಏಳು" ಅಂದ ನಿಜಾರ್.

"ಗಿಡ ಎಲ್ಲಯ್ಯಾ?"

"ಗಿಡ ಯಾಕೆ ನಿಂಗೆ? ತಿಂಗಳಿಗೊಂದ್ಸಲ ಬಂದು ಸಂಬಳ ತಗೊಂಡು ಮನೇಲಿ ಮಲಕ್ಕೋ."

ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಂದು ಸಸಿಯನ್ನೂ ನೆಡದೆ ಸಂಬಳ ತರುವ ಚಿಕ್ಕಪ್ಪನೋ ಭಾವನೋ ಇಲ್ಲದ ಮನೆ ಆ ಊರಲ್ಲಿ ಯಾವುದಿದೆ? ಹಮ್ದಿ ಚಡ್ಡಿ ಕೊಡವಿಕೊಂಡು ಎದ್ದ. ಖರ್ಜೂರದ ತೋಟದವರು ಬಂದು, ನಮ್ಮ ಬಾವಿ ನೀರನ್ನೆಲ್ಲ ನೀವು ಕಲ್ಲು ತೊಳೆಯೋಕೆ ಹೀರಿಬಿಟ್ರಿ, ಮರ ನಿಂತಲ್ಲೇ ಒಣಗ್ತಿವೆ ಎಂದರು. ಅವರಿಗೆ ಒಂದು ಟ್ಯಾಂಕರ್ ನೀರು. ಡಾಕ್ಟರು ಬಂದು, ಈ ನೀರು ಕುಡಿದು ಊರಿನವರ ಹಲ್ಲೆಲ್ಲ ಕಂದಾಗಿದೆ ಎಂದರು. "ಚಹಾ ಕಡಿಮೆ ಕುಡೀರಿ ಅಂತ ಬರಕೊಡಿ ಡಾಕ್ಟ್ರೇ, ನಿಮ್ಮ ಆಸ್ಪತ್ರೆಗೆ ನಾವೇ ಸುಣ್ಣ ಹೊಡೆಸ್ತೀವಿ" ಅಂದ ನಿಜಾರ್. ಮತ್ತೆ ನಗು. ವಸೀಲಾ ಮಾತ್ರ ತುಟಿ ಬಿಗಿದುಕೊಂಡಳು. ಆ ನೀರು ಕುಡಿದು ಬೆಳೆದವಳು, ಅವಳ ಹಲ್ಲೂ ಕಂದೇ.

ಕೊನೆಗೆ ಎದ್ದವಳು ಖುಲೂದ್. ಊರಿನವರ ಚೀಟಿ ಎತ್ತಿದವಳು. ಓದಿನಲ್ಲಿ ಮುಂದು, ಮಾತಿನಲ್ಲಿ ಚಾಕು.

"ನಂಗೆ ಕೆಲಸ ಬೇಡ, ಟ್ಯಾಂಕರೂ ಬೇಡ" ಎಂದಳು. "ನಿಮ್ಮ ಹೊಂಡದಲ್ಲಿ ಮುಳುಗಿದೋನ ವಿಷಯ ಹೇಳಿ."

ಆಟ ನಿಲ್ಲಿಸಲು ಅದೇ ಹೊತ್ತಾಗಿತ್ತು. ವಸೀಲಾ ನಿಲ್ಲಿಸಲಿಲ್ಲ. ಈಗ ಅವನ ಕಟ್ಟೆ ಒಡೆಯುತ್ತದೆ, ಇದ್ದದ್ದೆಲ್ಲ ಹೊರಬರುತ್ತದೆ ಎಂದು ಕಾದಳು.

"ಫಲಕ ಹಾಕಿದ್ವಿ" ಅಂದ ನಿಜಾರ್.

"ಯಾವ ಕಡೆ?"

"ರೈಲು ಹಳಿ ಕಡೆ."

"ಹುಡುಗ ಬಂದಿದ್ದು ಶಾಲೆ ಕಡೆಯಿಂದ. ಅವನಿಗೆ ಹೇಗೆ ಕಾಣುತ್ತೆ?"

ನಿಜಾರ್ ಕುರ್ಚಿಯಲ್ಲಿ ಸರಿದು ಕೂತ. "ಶಾಲೆ ಕಡೆ. ಬಾಯಿ ತಪ್ಪಿ ಹೇಳಿದೆ."

"ಹಾಗಾದ್ರೆ ಬಣ್ಣ ಯಾಕೆ ಹಸಿ ಇತ್ತು?"

"ಗಾಳಿಗೆ ಬಿದ್ದೋಗಿತ್ತು. ಎತ್ತಿ, ಬಣ್ಣ ಹೊಡೆದು ನಿಲ್ಲಿಸಿದ್ವಿ. ಆ ವಾರ ಮರಳುಗಾಳಿ ಇತ್ತಲ್ಲ."

ಹೌದು, ಇತ್ತು ಎಂದು ಹಿಂದಿನ ಬೆಂಚಿನಿಂದ ಯಾರೋ ಗೊಣಗಿದರು.

ಖುಲೂದ್ ಗೆದ್ದೆ ಎಂಬ ಹಾಗೆ ಮುಂದೆ ಬಾಗಿದಳು. "ಬಿದ್ದೋಗಿತ್ತು ಅಂದ್ಮೇಲೆ ಆ ದಿನ ಫಲಕ ಇರಲಿಲ್ಲ ಅಂತಾಯ್ತು."

ನಿಜಾರ್ ಕಣ್ಣು ಮುಚ್ಚಿದ. ವಸೀಲಾ ಮೇಜಿನ ಅಂಚು ಹಿಡಿದುಕೊಂಡಳು. ಹೇಳು ಮಗನೇ, ಈಗಲಾದರೂ ಹೇಳು.

"ಬಿದ್ದಿದ್ದು ಆಮೇಲೆ" ಅಂದ ಅವನು, ಕಣ್ಣು ತೆರೆದು. "ಮಧ್ಯಾಹ್ನ ಅವನು ಓಡಿದಾಗ ಫಲಕ ನಿಂತೇ ಇತ್ತು. ಸಂಜೆ ಗಾಳಿಗೆ ಬಿತ್ತು. ಊರಿಗೆ ಊರೇ ಹುಡುಗನ್ನ ಹುಡುಕ್ತಾ ಇತ್ತು, ಮಣ್ಣಲ್ಲಿ ಬಿದ್ದಿರೋ ಹಲಗೆ ಯಾರ ಕಣ್ಣಿಗೆ ಬೀಳುತ್ತೆ?"

ಖುಲೂದ್ ಹೋಗಿ ತನ್ನ ಬೆಂಚಿನಲ್ಲಿ ಕೂತಳು. ಗಂಟೆ ಹೊಡೆಯಿತು.

"ಕಂಪನಿ ಗೆಲ್ತು ಮೇಡಂ" ಎಂದು ಹಮ್ದಿ ಚಪ್ಪಾಳೆ ತಟ್ಟಿದ. ಬೇರೆ ಯಾರೂ ತಟ್ಟಲಿಲ್ಲ. ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ನಿಜಾರ್ ಕುರ್ಚಿ ಬಿಟ್ಟು ಏಳಲಿಲ್ಲ. "ಗುರುವಾರ ಇದನ್ನೇ ಕೇಳೋದು ಅಲ್ವಾ ಮೇಡಂ? ರೈಲು ಹಳಿ ಕಡೆ ಅಂದಿದ್ರೆ ಅಲ್ಲೇ ಸಿಕ್ಕಿಬೀಳ್ತಿದ್ದೆ. ಹಸಿ ಬಣ್ಣದ್ದಂತೂ ನಂಗೆ ಹೊಳೆದೇ ಇರಲಿಲ್ಲ."

ವಸೀಲಾಳಿಗೆ ಆಗ ಹೊಳೆಯಿತು. ನಿಜ ಹೇಳಿಸಲು ಕಟ್ಟಿದ ಆಟದಲ್ಲಿ, ತನ್ನ ಕಣ್ಣೆದುರೇ, ತನ್ನ ಅತಿ ಜಾಣ ಶಿಷ್ಯೆಯ ಕೈಯಲ್ಲಿ, ಹುಡುಗನ ಸುಳ್ಳಿನ ತೂತೆಲ್ಲ ಮುಚ್ಚಿಸಿದ್ದಳು. ತನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ಒಳಗೇ ಶಪಿಸಿಕೊಂಡಳು.

"ಬೇಡ ಕಣೋ" ಎಂದಳು. "ನಿಮ್ಮಮ್ಮ ನನ್ನ ಮನೆಗೆ ಬಂದಿದ್ರು. ಅವರು ಕೇಳೋದು ಇದೊಂದೇ."

"ಫಾತಿಹಾ ಓದಾಯ್ತು ಮೇಡಂ. ದೊಡ್ಡಪ್ಪಂದಿರು ಕಂಪನಿಯೋರನ್ನ ಕರೆಸಿ ಕೂರಿಸಿದ್ರು. ಫಲಕ ಇತ್ತು ಅಂದ್ರೆ ಓದು ಮುಗಿದ ಮೇಲೆ ನಂಗೆ ಕಂಪನೀಲಿ ಕೆಲಸ. ಎಲ್ಲರೂ ಫಾತಿಹಾ ಓದೋಕೆ ಕೈ ಎತ್ತಿದ್ರು. ಅಪ್ಪನೂ ಎತ್ತಿದ್ರು."

"ನೀನು?"

"ನಾನೂ."

ಆ ಊರಲ್ಲಿ ಕಾಗದಕ್ಕೆ ಹಾಕಿದ ಸಹಿಯಾದರೆ ಹರಿದು ಬಿಸಾಡಬಹುದು. ಅಂಗೈ ಬಿಚ್ಚಿ, ಕುರಾನಿನ ಮೊದಲ ಅಧ್ಯಾಯವಾದ ಫಾತಿಹಾ ಓದಿ ಮುಗಿಸಿದ ಮಾತನ್ನು ಯಾರೂ ಮುರಿಯುವುದಿಲ್ಲ. ಮದುವೆಯೂ ಅದರಿಂದಲೇ ಗಟ್ಟಿ, ಕೊಲೆಯ ಹಗೆ ತೀರುವುದೂ ಅದರಿಂದಲೇ. ಮುರಿದವನ ಮನೆಗೆ ಹೆಣ್ಣು ಕೊಡುವವರಿಲ್ಲ, ಅವನ ಹೆಣಕ್ಕೆ ಹೆಗಲು ಕೊಡುವವರೂ ಇಲ್ಲ. ಇದು ವಸೀಲಾಳಿಗೂ ಗೊತ್ತು. ಅವಳ ತಮ್ಮನೂ ಅದೇ ಕಂಪನಿಯಲ್ಲಿ ದುಡಿಯುತ್ತಾನೆ.

ಆದರೂ ಸುಮ್ಮನಿರಲಾಗಲಿಲ್ಲ. ಅವನು ಕಟ್ಟಿಕೊಂಡ ಉತ್ತರಗಳಲ್ಲಿ ಇಲ್ಲದ್ದೊಂದನ್ನು ಕೇಳಬೇಕೆನಿಸಿತು.

"ಮುಳುಗೋವಾಗ ಅವನು ಏನಂತ ಕೂಗಿದ ನಿಜಾರ್?"

ಹುಡುಗ ಮೇಜಿನ ಮೇಲಿದ್ದ ಕಂಪನಿಯ ಚೀಟಿಯನ್ನು ಮಡಚಿದ. "ಕೂಗಲಿಲ್ಲ ಮೇಡಂ. ಮೊಣಕಾಲವರೆಗೆ ಹೋಗಿದ್ದ, ನಗ್ತಾನೇ ಇದ್ದ. 'ಅಣ್ಣಾ, ಶೂ ಒಳಗೆ ಹೋಯ್ತು, ಅಮ್ಮಂಗೆ ಹೇಳ್ಬೇಡ' ಅಂದ."

ಹೊರಗೆ ಹುಡುಗರು ಚೆಂಡಿಗಾಗಿ ಜಗಳವಾಡುತ್ತಿದ್ದರು.

"ಇದನ್ನೂ ಕೇಳ್ತಾರಾ ಮೇಡಂ?"

"ಇಲ್ಲಪ್ಪ" ಎಂದಳು ವಸೀಲಾ. "ಇದನ್ನ ಯಾರೂ ಕೇಳಲ್ಲ."

ನಿಜಾರ್ ತಲೆಯಾಡಿಸಿದ. ಚೀಲ ಹೆಗಲಿಗೇರಿಸಿಕೊಂಡು, ಶಾಲೆ ಕಡೆ, ಶಾಲೆ ಕಡೆ ಎಂದು ತುಟಿಯಲ್ಲೇ ಬಾಯಿಪಾಠ ಮಾಡುತ್ತ ಹೊರಗೆ ಹೋದ.