ಇಂಟು ಮಾರ್ಕು

ಏರಿನ ಅರ್ಧಕ್ಕೆ ಬರುತ್ತಿದ್ದಂತೆ ಗಾಡಿ ಮತ್ತೆ ಉಸಿರು ಕಟ್ಟಿತು. ಸ್ಟೇರಿಂಗ್ ಹಿಡಿದಿದ್ದ ಶಂಭುಲಿಂಗ ಎಕ್ಸಲೇಟರ್ ಒತ್ತಿದ. ಪಕ್ಕದ ಸೀಟಿನಲ್ಲಿದ್ದ ಗವಿಸಿದ್ದಪ್ಪನ ಬಲಗಾಲೂ ತನಗರಿವಿಲ್ಲದೆ ಕೆಳಗಿನ ಮ್ಯಾಟನ್ನು ಒತ್ತಿತು. ಕರಿ ಕಾಂಟೆಸಾ ಕಾರು ಎರಡು ಸಲ ಕೆಮ್ಮಿ, ಜಗ್ಗಿ, ಸಂಡೂರು ರಸ್ತೆಯ ಅಂಚಿನಲ್ಲಿ ನಿಂತೇಬಿಟ್ಟಿತು. ಹಿಂದೆ ಬರುತ್ತಿದ್ದ ಅದಿರಿನ ಲಾರಿ ಹಾರ್ನ್ ಬಾರಿಸುತ್ತ, ಕೆಂಪು ಧೂಳನ್ನು ಕಿಟಕಿಯೊಳಕ್ಕೆ ಎರಚಿ ಮುಂದೆ ಹೋಯಿತು.

"ಈ ಕಾರ್ಬರೇಟ್ರೂ ಆಗ್ಲಿಲ್ಲಲ್ರಿ ಗವಿಸಿದ್ದಪ್ಪಣ್ಣ," ಎಂದ ಶಂಭುಲಿಂಗ.

"ಹೊಸಾದೈತ್ರಿ ಸಾವ್ಕಾರ್ರ. ಹೊಂದ್ಕೊಳ್ಳಾಕ ಒಂಚೂರು ಟೈಮ್ ಬೇಕು."

"ನಾಕು ದಿನ ಆತು. ಇಷ್ಟೊತ್ತಿಗೆ ಹೊಸ ಸೊಸಿನೂ ಹೊಂದ್ಕೊಂತಾಳ."

ಗವಿಸಿದ್ದಪ್ಪ ನಗಲಿಲ್ಲ. ಕಂಪ್ಲಿಯ ಅಕ್ಕಿ ಗಿರಣಿಯ ಈ ಗಾಡಿ ಶಂಭುಲಿಂಗನ ಅಪ್ಪನ ಕಾಲದ್ದು. ಇಪ್ಪತ್ತೆರಡು ವರ್ಷದಿಂದ ಅದರ ಬಾನೆಟ್ಟಿನೊಳಗೆ ಗವಿಸಿದ್ದಪ್ಪನದು ಬಿಟ್ಟು ಬೇರೆಯವರ ಕೈ ಹೋಗಿರಲಿಲ್ಲ. ಹೋದ ತಿಂಗಳು ಅದರ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿರುಕು ಬಿಟ್ಟಿತು. ಬದಲಿಗೆ ಯಾವುದು ಹಾಕಿಸಬೇಕೆಂದು ಶಂಭುಲಿಂಗ ಇನ್ನೊಬ್ಬ ಮೆಕ್ಯಾನಿಕ್ ಹನುಮೇಶನಿಗೂ ಫೋನ್ ಮಾಡಿದ್ದ. "ಹೊಸಾದು ಬ್ಯಾಡ್ರಿ, ಅದರ ಬಾಯಿ ದೊಡ್ಡದು, ಏರಿಗೆ ಎಳೆಯಂಗಿಲ್ಲ. ಇದೇ ಮಾಡೆಲ್‌ದು ಹಳೇದು ಹುಡುಕ್ರಿ" ಅಂದಿದ್ದನಂತೆ ಅವನು. ಆ ಮಾತು ಕಿವಿಗೆ ಬಿದ್ದ ಸಂಜೆಯೇ ಗವಿಸಿದ್ದಪ್ಪ ದಿಲ್ಲಿಯಿಂದ ದೊಡ್ಡ ಬಾಯಿಯ ಹೊಸದನ್ನು ತರಿಸಲು ಹೇಳಿದ. ಹನುಮೇಶ ಸುಮ್ಮನಿದ್ದಿದ್ದರೆ ಹಳೆಯದನ್ನೇ ಹುಡುಕಬೇಕೆಂದು ತಾನೇ ಹೇಳುತ್ತಿದ್ದೆ ಎಂಬುದು ಅವನಿಗೂ ಗೊತ್ತಿತ್ತು.

ಮೆಟ್ರಿ ಊರಿನ ಹನುಮೇಶ ಒಂಬತ್ತು ವರ್ಷ ಹೊಸಪೇಟೆಯಲ್ಲಿ ಗವಿಸಿದ್ದಪ್ಪನ ಗ್ಯಾರೇಜಿನಲ್ಲೇ ಸೀಮೆಎಣ್ಣೆಯಲ್ಲಿ ಪಾರ್ಟು ತೊಳೆದು ಕೆಲಸ ಕಲಿತವನು. ಈಗ ಬೈಪಾಸಿನ ಹತ್ತಿರ ಅವನದೇ ಗ್ಯಾರೇಜು. ಎಲ್ಲೆಲ್ಲಿಂದಲೋ ಹಳೇ ಗಾಡಿಗಳು ಅವನಲ್ಲಿಗೆ ಬರುತ್ತವೆ. ಮೊನ್ನೆ ಒಬ್ಬ ಜೀಪಿನವನು ಗವಿಸಿದ್ದಪ್ಪನ ಗ್ಯಾರೇಜಿನ ಮುಂದೆ ನಿಂತು, ಇಂಜಿನ್ ಕೂಡ ಆರಿಸದೆ, "ಹನುಮೇಶ್ ಅವರ ಗ್ಯಾರೇಜ್ ಯಾವ ಕಡಿಗ್ರಿ?" ಎಂದು ಕೇಳಿದ್ದ. ಗವಿಸಿದ್ದಪ್ಪ ಕೈ ಮಾಡಿ ದಾರಿ ತೋರಿಸಿದ. ಆ ಮಧ್ಯಾಹ್ನ ಹೆಂಡತಿ ರೇಣುಕಮ್ಮ ಕಟ್ಟಿಕೊಟ್ಟ ಬುತ್ತಿಯನ್ನು ಬಿಚ್ಚಲಿಲ್ಲ.

"ಹನುಮೇಶಪ್ಪಗ ಬಾ ಅಂದೀನಿ," ಎಂದ ಶಂಭುಲಿಂಗ ಗಾಡಿಯನ್ನು ಇಳಿಜಾರಿಗೆ ತಿರುಗಿಸುತ್ತ. "ಅವನ ಹತ್ರ ಒಂದು ಹಳೇದು ಐತಂತ. ಬ್ಯಾಸರ ಮಾಡ್ಕೋಬ್ಯಾಡ್ರಿ. ಯಾರ ಕಾರ್ಬರೇಟ್ರು ಈ ಏರು ಹತ್ತಸ್ತದೋ, ಇನ್ಮ್ಯಾಗ ಗಾಡಿ ಅವರ ಕೈಯಾಗ."

ಗವಿಸಿದ್ದಪ್ಪನ ಗ್ಯಾರೇಜಿಗೆ ಬಂದಾಗ ಹನುಮೇಶ ಟಯರಿನ ಮೇಲೆ ಕೂತಿದ್ದ. ಗುರುವನ್ನು ಕಂಡು ಎದ್ದು ನಿಂತ. ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿಟ್ಟುಕೊಂಡಿದ್ದ ಹಳೇ ಕಾರ್ಬೊರೇಟರನ್ನು ಎರಡೂ ಕೈಯಲ್ಲಿ ಚಾಚಿದ.

"ಉಸ್ತಾದ್ರ, ನೀವೊಮ್ಮೆ ನೋಡಿಬಿಡ್ರಿ."

"ನಾ ಏನ್ ನೋಡ್ಲಿ ಬಿಡಪ್ಪ. ನೀ ಈಗ ದೊಡ್ಡಾಂವ."

"ನೀವ ನೋಡ್ರಿ ಗವಿಸಿದ್ದಪ್ಪಣ್ಣ," ಎಂದ ಶಂಭುಲಿಂಗ. "ನೀವು ಬ್ಯಾಡ ಅಂದ್ರ ಅದನ್ನ ಹಾಕ್ಸಂಗಿಲ್ಲ." ಅಷ್ಟರಲ್ಲಿ ಗಿರಣಿಯಿಂದ ಫೋನ್ ಬಂತು. ಮಾತಾಡುತ್ತ ರಸ್ತೆಗಿಳಿದ.

ಬ್ಯಾಡ ಎನ್ನಲು ಒಂದು ನೆಪ ಸಿಕ್ಕಿದ್ದರೆ ಸಾಕಿತ್ತು. ಗವಿಸಿದ್ದಪ್ಪ ಟವೆಲು ಬಿಚ್ಚಿದ. ಒಳಗಿನ ಗಾಳಿಬಾಗಿಲನ್ನು ತಿರುಗಿಸುವ ಸ್ಪಿಂಡಲ್ ಹಿಡಿದು ಅಲ್ಲಾಡಿಸಿದ. ಹಳೆಯವು ಸವೆಯುವುದೇ ಅಲ್ಲಿ. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ಹನುಮೇಶ ಸ್ಪಿಂಡಲಿನ ಸುತ್ತ ಹಿತ್ತಾಳೆಯ ಹೊಸ ಬುಷ್ ಬಳೆಯನ್ನು ಲೇತಿನಲ್ಲಿ ಕಡೆದು ಕೂರಿಸಿದ್ದ. ಗವಿಸಿದ್ದಪ್ಪ ಬಾಯಿಟ್ಟು ಊದಿದ, ಎಲ್ಲೂ ಗಾಳಿ ಸೋರಲಿಲ್ಲ. ಕೆಲಸ ಎಷ್ಟು ಚೊಕ್ಕಟವಾಗಿತ್ತೆಂದರೆ ಅದನ್ನು ಬೆಳಕಿಗೆ ಹಿಡಿದು ಮತ್ತೊಂದು ಸಲ ತಿರುಗಿಸಿ ನೋಡಿದ. ಎಲ್ಲ ಕಡೆ ಲಕಲಕ ಅನ್ನುವಂತೆ ತೊಳೆದಿದ್ದ ಹನುಮೇಶ, ಮುಚ್ಚಳದ ಒಂದು ಮೂಲೆಯಲ್ಲಿ ಮಾತ್ರ ದಪ್ಪನೆ ಗ್ರೀಸ್ ಉಳಿಸಿದ್ದ.

"ಇದೇನಲೇ ಹನುಮ್ಯಾ, ತೊಳಿಯಾದು ಮರ್ತ್ಯಾ?" ಎಂದ, ಕೊನೆಗೂ ಒಂದು ಸಿಕ್ಕಿತೆಂಬ ಉಮೇದಿನಲ್ಲಿ.

ಹನುಮೇಶ ಸ್ಪಾನರುಗಳ ಡಬ್ಬಿಯ ಕಡೆಗೆ ತಿರುಗಿ ಏನನ್ನೋ ಹುಡುಕತೊಡಗಿದ.

ಗವಿಸಿದ್ದಪ್ಪ ಹೆಬ್ಬೆರಳಿನಿಂದ ಗ್ರೀಸ್ ಒರೆಸಿದ. ಕೆಳಗೆ ಒಂದು ಚುಕ್ಕೆ. ಅದರ ಪಕ್ಕಕ್ಕೆ ಉಳಿಯಿಂದ ಕೊರೆದ ಇಂಟು ಮಾರ್ಕು.

ಚುಕ್ಕೆ ಗವಿಸಿದ್ದಪ್ಪನದೇ. ತಾನು ಬಿಚ್ಚಿದ ಪ್ರತಿ ಕಾರ್ಬೊರೇಟರಿಗೂ ಪಂಚಿನಿಂದ ಒಂದು ಚುಕ್ಕೆ ಕುಟ್ಟುವುದು ಅವನ ರೂಢಿ. ಇನ್ನು ಉಪಯೋಗವಿಲ್ಲ ಅನಿಸಿದ್ದಕ್ಕೆ ಇಂಟು ಹಾಕಿ ಗುಜರಿಗೆ ಎಸೆಯುತ್ತಿದ್ದ. ಗವಿಸಿದ್ದಪ್ಪನ ಇಂಟು ಬಿದ್ದ ಮೇಲೆ ಹೊಸಪೇಟೆಯ ಯಾವ ಮೆಕ್ಯಾನಿಕ್ಕೂ ಅದನ್ನು ಮುಟ್ಟುತ್ತಿರಲಿಲ್ಲ. ಇದು ಯಶವಂತನಗರದ ಗಣಿ ಮ್ಯಾನೇಜರನ ಕಾಂಟೆಸಾದ್ದು. ಲಾರಿಗಳು ಗ್ಯಾರೇಜಿನ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದ ದಿನಗಳು ಅವು. ಒಂದು ಕಾರಿಗೆಂದು ಲೇತಿನವನ ಮನೆಗೆ ಯಾರು ಅಲೆಯಬೇಕು? ಸ್ಪಿಂಡಲ್ ಒಮ್ಮೆ ಅಲ್ಲಾಡಿಸಿ, "ಸತ್ತೈತಿ, ಒಗಿ" ಅಂದಿದ್ದ. ಒಗೆಯಲು ಕೊಟ್ಟದ್ದು ಹನುಮೇಶನ ಕೈಗೇ.

ಒಗೆದಿರಲಿಲ್ಲ. ಅಷ್ಟು ವರ್ಷ ಇಟ್ಟುಕೊಂಡಿದ್ದ. ಇವತ್ತು ಉಸ್ತಾದನ ತಪ್ಪು ಸಾವ್ಕಾರನ ಕಣ್ಣಿಗೆ ಬೀಳದಿರಲೆಂದು ಆ ಮೂಲೆಗೆ ಗ್ರೀಸ್ ಮೆತ್ತಿ ತಂದಿದ್ದ.

ಈ ಗುರುತನ್ನು ತೋರಿಸಿ 'ನಾನೇ ರದ್ದು ಮಾಡಿದ್ದ ಮಾಲಿದು' ಎಂದರೆ ಶಂಭುಲಿಂಗ ನಂಬುತ್ತಾನೆ. ಗಾಡಿ ಇಲ್ಲೇ ಉಳಿಯುತ್ತದೆ. ಗವಿಸಿದ್ದಪ್ಪ ಹನುಮೇಶನ ಬೆನ್ನನ್ನೇ ನೋಡುತ್ತ ನಿಂತ. ಆ ಬೆನ್ನು ಡಬ್ಬಿಯಲ್ಲಿ ಇನ್ನೂ ಏನೋ ಹುಡುಕುತ್ತಲೇ ಇತ್ತು. ಹಾಳಾದವನು, ಒಂದು ಮಾತು ಚುಚ್ಚಿ ಆಡಿದ್ದರೂ ಎಷ್ಟೋ ಹಗುರಾಗುತ್ತಿತ್ತು.

ರಸ್ತೆಯಿಂದ ಚಪ್ಪಲಿಯ ಸದ್ದು ಬಂತು. "ಏನಾತ್ರಿ? ಹಾಕ್ಸಬೌದಾ, ಬ್ಯಾಡಾ?"

ಗವಿಸಿದ್ದಪ್ಪ ಹೆಬ್ಬೆರಳಿಗೆ ಅಂಟಿದ್ದ ಗ್ರೀಸನ್ನು ಮತ್ತೆ ಆ ಮೂಲೆಗೇ ಸವರಿದ.

"ಹಾಕ್ಸ್ರಿ," ಎಂದ. "ಮಾಲು ಚೊಲೊ ಐತಿ."

ಹನುಮೇಶ ಬಾನೆಟ್ಟಿನೊಳಗೆ ಬಗ್ಗಿದ. ಗವಿಸಿದ್ದಪ್ಪ ಟಾರ್ಚು ಹಿಡಿದು ಬೆಳಕು ಬಿಟ್ಟ. "ಹನ್ನೆರಡರದು" ಎಂದಾಗ ಹನ್ನೆರಡರ ಸ್ಪಾನರ್ ಕೊಟ್ಟ. "ಒಂಚೂರು ಈ ಕಡಿ ಬೆಳಕ್ರಿ ಉಸ್ತಾದ್ರ" ಎಂದಾಗ ಆ ಕಡೆ ಬೆಳಕು ಹಿಡಿದ.

ಏರಿಗೆ ಹೊರಟಾಗ ಮುಂದಿನ ಬಾಗಿಲನ್ನು ಹನುಮೇಶ ಉಸ್ತಾದನಿಗಾಗಿಯೇ ತೆಗೆದು ಹಿಡಿದ. "ಕುಂದ್ರಪ್ಪ, ಸದ್ದು ಕೇಳಬೇಕಾದಾಂವ ನೀನು," ಎಂದು ಗವಿಸಿದ್ದಪ್ಪ ಹಿಂದೆ ಹೋಗಿ ಕೂತ. ಇಪ್ಪತ್ತೆರಡು ವರ್ಷದಲ್ಲಿ ಈ ಗಾಡಿಯ ಹಿಂದಿನ ಸೀಟಿನಲ್ಲಿ ಕೂತದ್ದು ಇದೇ ಮೊದಲು. ಸ್ಪ್ರಿಂಗು ಇಷ್ಟು ಮೆತ್ತಗಿದೆಯೆಂದು ಗೊತ್ತೇ ಇರಲಿಲ್ಲ.

ಏರು ಶುರುವಾಯಿತು. ಬೆಳಿಗ್ಗೆ ನಿಂತಿದ್ದ ಜಾಗ ಹತ್ತಿರ ಬಂತು. ಗಾಡಿಯ ಟಯರಿನ ಗುರುತು ಮಣ್ಣಿನಲ್ಲಿ ಇನ್ನೂ ಹಾಗೇ ಇತ್ತು. ಗವಿಸಿದ್ದಪ್ಪನ ಬಲಗಾಲು ಮ್ಯಾಟನ್ನು ಒತ್ತಿತು. ಕೆಮ್ಮು ಈಗ ಬಂದೀತು, ಈಗ ಬಂದೀತು ಎಂದು ಕಿವಿ ಕಾಯಿತು. ಇಂಜಿನ್ನಿನ ಸದ್ದು ಎಲ್ಲೂ ಮುರಿಯದೆ, ಒಂದೇ ದಾರದಂತೆ ಮೇಲೇರಿತು. ಮುಂದೆ ಶಂಭುಲಿಂಗ ಏನೋ ಹೇಳಿ ನಕ್ಕ. ಹನುಮೇಶ ನಗಲಿಲ್ಲ, ಹಿಂದಕ್ಕೂ ತಿರುಗಲಿಲ್ಲ.

ಏರು ಮುಗಿದು ರಸ್ತೆ ಸಮತಟ್ಟಾಯಿತು. ಶಂಭುಲಿಂಗ ಎಕ್ಸಲೇಟರಿನಿಂದ ಕಾಲು ಸಡಿಲಿಸಿದ. ಹಿಂದಿನ ಸೀಟಿನಲ್ಲಿ ಗವಿಸಿದ್ದಪ್ಪ ಮ್ಯಾಟನ್ನು ಇನ್ನೂ ಒತ್ತಿಕೊಂಡೇ ಇದ್ದ.